ಪಾವಗಡಕ್ಕೆ ಪಾಪ್, ಉಳಿದವರಿಗೆ ಐಮ್ಯಾಪ್

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಡಂ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಮದುವೆ ಮಾಡಿಸುವ ಕೆಲಸಕ್ಕೆ ಒಂದು ಇ-ಮೇಲ್ ವಿಳಾಸ ಬೇಕು ಎಂದರು. ಅವರು ರಿಟೈರಾಗಿ ಕೆಲವು ವರ್ಷ ಕಳೆದಿತ್ತು. ಮಧುಗಿರಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಜೊತೆಗೆ ಶಾಲೆಗಳಿಗೆ, ಜವಳಿ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅದಕ್ಕಾಗಿ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದಿದ್ದೆ. ಅದರಲ್ಲೇ ಮೇಲ್ ವ್ಯವಸ್ಥೆಯನ್ನೂ ನಾನೇ ನಡೆಸುತ್ತಿದ್ದೆ.

ಮೇಡಂ ಹೇಳಿದ್ದು ಸಾಮಾನ್ಯ ಮದುವೆಯ ಕೆಲಸವಲ್ಲ. ಗಂಡ ತೀರಿಹೋದವರು, ಹೆಂಡತಿ ತೀರಿಹೋದವರು, ಬಿಟ್ಟುಬಂದವರು, ಇಂಥವರಿಗೆ ಮತ್ತೊಂದು ಸಂಬಂಧ ಹುಡುಕಿಕೊಡುವುದು. ಶಿರಾದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ, ಊರೆಲ್ಲ ಆಪಾ ಎಂದು ಕರೆಯುವ ಒಬ್ಬ ಮುಸ್ಲಿಂ ಹೆಂಗಸು, ಪಾವಗಡದಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಒಬ್ಬ ಅಕ್ಕ ಅವರ ಜೊತೆ ಸೇರಿದ್ದರು. ಕೊರಟಗೆರೆಯ ಕಡೆಯವರನ್ನೂ ಮೇಡಮ್ಮೇ ನೋಡಿಕೊಳ್ಳುವುದೆಂದು ಮಾತಾಗಿತ್ತು. ಮೊಬೈಲ್ ನಂಬರ್ ಕೊಟ್ಟರೆ ಸಾಕಲ್ಲವೇ ಎಂದು ನಾನು ಕೇಳಿದೆ.

"ಮೊಬೈಲು ಒಬ್ಬರದಲ್ಲ ಕಣಪ್ಪ, ಮನೆಮಂದೀದೆಲ್ಲಾ," ಎಂದರು ಮೇಡಂ. "ಸೊಸೆ ಮೆಸೇಜ್ ನೋಡ್ತಾಳೆ, ಮೊಮ್ಮಕ್ಳು ಆಟ ಆಡ್ತವೆ. ಐವತ್ತು ವರ್ಷದ ಹೆಂಗಸು ನಂಗೊಂದು ಜೊತೆ ಬೇಕು ಅಂತ ಅದ್ರಲ್ಲಿ ಹೆಂಗೆ ಬರೀತಾಳೆ? ಇ-ಮೇಲ್ ಆದ್ರೆ ಮನೇಲಿ ಯಾರೂ ತೆಗೆದು ನೋಡಲ್ಲ."

ಅದು ನನಗೆ ಹೊಳೆದಿರದ ವಿಷಯ. ನನ್ನ ಗಿರಾಕಿಗಳಿಗೆ ಇ-ಮೇಲ್ ಎಂದರೆ ಬ್ಯಾಂಕಿನವರು, ಇಲಾಖೆಯವರು ಕಳಿಸುವ, ಯಾರೂ ಓದದ ಕಾಗದಗಳ ಗುಡ್ಡೆ. ಆ ಗುಡ್ಡೆಯೇ ಕೆಲವರಿಗೆ ಮರೆಯಾಗಿ ಒದಗುತ್ತದೆಂದು ಮೇಡಂ ಕಂಡುಕೊಂಡಿದ್ದರು. ಪುಕ್ಕಟೆ ಸಿಗುವ ದೊಡ್ಡ ಕಂಪನಿಗಳ ಮೇಲ್ ತೋರಿಸಿದೆ. ಅವರು ಒಪ್ಪಲಿಲ್ಲ. ಗುರುತಿರುವವನ ಹತ್ತಿರವೇ ಇರಲಿ ಎಂದರು.

ನಾನು ವಿಳಾಸ ಮಾಡಿಕೊಟ್ಟು, ಮೂವರ ಕಂಪ್ಯೂಟರಿನಲ್ಲೂ ಅದನ್ನು ಪಾಪ್ ವಿಧಾನದಲ್ಲಿ ಕೂರಿಸಿದೆ. ಪಾಪ್ ಎಂದರೆ ಸರ್ವರಿಗೆ ಬಂದ ಮೇಲನ್ನು ನಮ್ಮ ಕಂಪ್ಯೂಟರ್ ತನ್ನೊಳಕ್ಕೆ ಇಳಿಸಿಕೊಳ್ಳುತ್ತದೆ, ಇಳಿಸಿಕೊಂಡ ಮೇಲೆ ಸರ್ವರಿನಿಂದ ಅಳಿಸಿಹಾಕುತ್ತದೆ. ಐಮ್ಯಾಪ್ ಎಂಬ ಇನ್ನೊಂದು ವಿಧಾನದಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ, ಎಲ್ಲರೂ ಅಲ್ಲಿಗೇ ಹೋಗಿ ನೋಡುತ್ತಾರೆ. ನನ್ನ ಸರ್ವರಿನಲ್ಲಿ ಜಾಗ ಕಡಿಮೆ. ಗಂಡಸರು ಬೈಕಿನ ಮೇಲೆ ಕೂತು, ಕೆರೆ ಏರಿ ಮೇಲೆ ನಿಂತು ತೆಗೆಸಿಕೊಂಡ ದೊಡ್ಡ ದೊಡ್ಡ ಫೋಟೋ ಕಳಿಸುತ್ತಾರೆಂದು ಗೊತ್ತಿತ್ತು. ಪಾವಗಡದ ಅಕ್ಕನ ಅಂಗಡಿಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದಿದ್ದಾಗಲೂ ಓದಬಹುದು. ಹಾಗಾಗಿ ಪಾಪ್ ಸಾಕೆಂದುಕೊಂಡೆ. ಹೆಚ್ಚು ಯೋಚಿಸಲಿಲ್ಲ.

ಮೊದಲ ಕೆಲವು ವಾರ ಬಂದ ಮೇಲೇ ಕಡಿಮೆ. ಆಮೇಲೆ ಶಿರಾದ ಆಪಾ ಫೋನ್ ಮಾಡಿ, ತನಗೆ ಒಂದೂ ಬರುತ್ತಿಲ್ಲ, ಕಂಪ್ಯೂಟರ್ ಕೆಟ್ಟಿದೆಯೋ ಏನೋ ಎಂದರು. ಕೆಟ್ಟಿರಲಿಲ್ಲ. ಮೇಡಂ ಬೆಳಿಗ್ಗೆ ಬೇಗ ಎದ್ದು ಕಾಫಿ ಕುಡಿಯುತ್ತಾ ಮೇಲ್ ತೆಗೆಯುತ್ತಿದ್ದರು. ರಾತ್ರಿ ಬಂದದ್ದೆಲ್ಲ ಅವರ ಕಂಪ್ಯೂಟರಿಗೆ ಇಳಿದುಬಿಡುತ್ತಿತ್ತು. ಮೇಡಂ ಊರಿಗೆ ಹೋದ ದಿನ ಅದೆಲ್ಲ ಪಾವಗಡಕ್ಕೆ ಹೋಗುತ್ತಿತ್ತು. ಯಾರು ಮೊದಲು ಬಾಗಿಲು ತೆಗೆದರೋ ಅವರಿಗೆ ಕಾಗದ. ಉಳಿದವರಿಗೆ ಅಂಥದ್ದೊಂದು ಬಂದಿತ್ತೆಂಬುದೇ ತಿಳಿಯುತ್ತಿರಲಿಲ್ಲ. ಹೊತ್ತು ಹಂಚಿಕೊಂಡು ತೆಗೆಯಿರಿ ಎಂದು ಹೇಳಿ ನಾನು ಸುಮ್ಮನಾದೆ.

ಹೀಗಿರುವಾಗ ಒಂದು ಮಧ್ಯಾಹ್ನ ಕೊರಟಗೆರೆಯಿಂದ ಒಬ್ಬರು ಬಂದರು. ಪಶು ಆಸ್ಪತ್ರೆಯಲ್ಲಿ ಸಹಾಯಕರಾಗಿ ಕೆಲಸ ಮಾಡಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಬಟ್ಟೆ ಚೀಲ. ಮೊದಲು ಮೇಡಂ ಮನೆಗೇ ಹೋಗಿದ್ದರಂತೆ. ಏನೋ ಗೊಂದಲವಾಗಿದೆ ಎಂದು ಮೇಡಮ್ಮೇ ಅವರನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಿದ್ದರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಪಕ್ಕದ ಮನೆಯ ಓದುವ ಹುಡುಗಿಯ ಹತ್ತಿರ ಮೇಲ್ ಮಾಡುವುದನ್ನು ಕಲಿತು, ತಾವೇ ಒಂದೊಂದಕ್ಷರ ಒತ್ತಿ ಬರೆದಿದ್ದರು.

ಅವರ ಮೊದಲನೇ ಕಾಗದ ಪಾವಗಡಕ್ಕೆ ಹೋಗಿತ್ತು. ಕೊರಟಗೆರೆಯದು, ಮೇಡಂ ಉತ್ತರ ಬರೆಯುತ್ತಾರೆ ಎಂದು ಅಕ್ಕ ಬಿಟ್ಟಿದ್ದರು. ಅದು ಮೇಡಮ್ಮಿಗೆ ಬಂದೇ ಇಲ್ಲವೆಂದು ಆಕೆಗೇನು ಗೊತ್ತು? ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ ಎಂಬ ಎರಡನೆಯದು ಮೇಡಂಗೆ ಸಿಕ್ಕಿತು. ಯಾವ ಕಾಗದ, ದಯವಿಟ್ಟು ಮತ್ತೆ ಕಳಿಸಿ ಎಂದು ಮೇಡಂ ಬರೆದರು. ಮತ್ತೆ ಕಳಿಸಿದ್ದು ಶಿರಾದಲ್ಲಿ ಇಳಿಯಿತು. ಆಪಾ ಹೊಸಬರೆಂದುಕೊಂಡು, ನಿಮ್ಮ ವಯಸ್ಸು, ಊರು, ಕೆಲಸ ತಿಳಿಸಿ ಎಂದು ಮೊದಲಿನಿಂದ ಶುರು ಮಾಡಿದ್ದರು.

ಅವರು ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದರು. ನಾನು ಕೊಟ್ಟ ಟೀ ಕುಡಿದು ಲೋಟ ಕೆಳಗಿಟ್ಟರು.

"ಬ್ಯಾಡ ಅಂದ್ರೆ ಬ್ಯಾಡ ಅಂತ ಯೋಳ್ಬುಡಿ," ಎಂದರು. "ನಾನೇನು ಅನ್ಕಮಲ್ಲ. ಕೇಳಿದ್ದನ್ನೇ ಕೇಳ್ತಾ ಇದ್ರೆ ಇವ್ರಿಗೆ ನಾನು ಬರ್ದಿದ್ದು ಒಂದಕ್ಷರಾನೂ ತಲೆಗೋಗ್ತಿಲ್ವೇನೋ ಅನ್ನುಸ್ತದೆ."

ಮೇಡಂ ಅವರ ಕ್ಷಮೆ ಕೇಳಿದರು. ಬಸ್ಸಿನವರೆಗೂ ಹೋಗಿ ಕಳಿಸಿಬಂದು, ಇದನ್ನು ಸರಿಮಾಡು ಎಂದು ನನಗೆ ಹೇಳಿದರು.

ಪಾಪ್‌ನಲ್ಲೇ ಸರ್ವರಿನಲ್ಲೊಂದು ಪ್ರತಿ ಉಳಿಸುವ ಅವಕಾಶವಿದೆ. ಒಂದು ವಾರ ಹಾಗೆ ಮಾಡಿ ನೋಡಿದೆ. ಆಗ ಮೂವರಿಗೂ ಎಲ್ಲ ಬಂತು. ಆದರೆ ಯಾರು ಉತ್ತರ ಬರೆದರು ಎಂಬುದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಒಬ್ಬರೇ ಹೆಂಗಸಿಗೆ ಮೇಡಂ ಒಂದು ಸಂಬಂಧ ಹೇಳಿದರೆ ಆಪಾ ಇನ್ನೊಂದು ಹೇಳಿದರು. ಐಮ್ಯಾಪ್ ಆದರೆ ಈ ತೊಡಕಿಲ್ಲ. ಒಬ್ಬರು ಓದಿದರೆ ಓದಿದ್ದೆಂದು ಮೂವರಿಗೂ ಕಾಣುತ್ತದೆ, ಉತ್ತರ ಬರೆದದ್ದಕ್ಕೆ ಪಕ್ಕದಲ್ಲೊಂದು ಬಾಣದ ಗುರುತು ಬೀಳುತ್ತದೆ. ಸರ್ವರಿನ ಜಾಗ ಹೆಚ್ಚಿಸಿಕೊಂಡು ಐಮ್ಯಾಪಿಗೆ ಬದಲಾಯಿಸುವುದೆಂದು ತೀರ್ಮಾನಿಸಿದೆ. ಮೇಡಂ ಕಂಪ್ಯೂಟರನ್ನು ಅವತ್ತೇ ಬದಲಾಯಿಸಿ, ಅದರಲ್ಲಿ ಇಳಿದಿದ್ದ ಹಳೆಯ ಮೇಲುಗಳನ್ನೂ ಸರ್ವರಿಗೆ ಏರಿಸಿದೆ.

ಮಾರನೇ ದಿನ ಶಿರಾಕ್ಕೆ ಹೋದೆ. ಆಪಾ ಅಂಗಡಿ ಬಜಾರಿನ ಒಳಗಿನ ಗಲ್ಲಿಯಲ್ಲಿ. ಹೊಲಿದು ಮಡಿಸಿಟ್ಟ ರವಿಕೆಗಳ ಪಕ್ಕದಲ್ಲೇ ಕೌಂಟರಿನ ಮೇಲೆ ಕಂಪ್ಯೂಟರ್. ಅವರು ಅಳತೆ ಬರೆದುಕೊಳ್ಳುತ್ತಾ, ನಡುನಡುವೆ ಬಂದು ತೆರೆಯ ಮೇಲೆ ಕಣ್ಣಾಡಿಸಿದರು. ಬಾಣದ ಗುರುತು ತೋರಿಸಿದಾಗ ಖುಷಿಯಾದರು.

"ಇದು ಬರೋಬರ್ ಆಯ್ತು ಭಾಯಿ," ಎಂದರು. "ಇನ್ಮೇಲೆ ಮೇಡಂ ಏನು ಬರೆದ್ರು ಅಂತ ಫೋನ್ ಮಾಡಿ ಕೇಳೋದೇ ಬೇಡ."

ಅದಾದ ಮೇಲೆ ಮಧುಗಿರಿಗೆ ವಾಪಸಾಗಿ ಪಾವಗಡದ ಬಸ್ಸು ಹತ್ತಿದೆ. ಮಿಡಿಗೇಶಿ ದಾಟಿದ ಮೇಲೆ ಬಂಡೆಗಳ ನಡುವೆ ಬಿಸಿಲು ಬೇರೆಯದೇ ತರ ಹೊಡೆಯುತ್ತದೆ. ಕಿಟಕಿಯ ಪರದೆ ಎಳೆದು ನಿದ್ದೆ ಮಾಡಿದೆ. ಅಕ್ಕನ ಅಂಗಡಿಗೆ ಹೋದಾಗ ಪಹಣಿ, ಆಧಾರ್ ಜೆರಾಕ್ಸಿಗೆ ಜನ ನಿಂತಿದ್ದರು. ಆಕೆಗೆ ಐವತ್ತರ ಮೇಲೆ ವಯಸ್ಸು. ಎತ್ತರದ, ನಿಧಾನ ಮಾತಿನ ಹೆಂಗಸು. ಜನ ಕರಗಿದ ಮೇಲೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೀಬೋರ್ಡಿನ ಮೇಲೆ ಕೈಯಿಟ್ಟು, ಬೇಡ ಎಂದರು.

ನೆಟ್ಟಿನ ತೊಂದರೆಗೆ ಹಾಗನ್ನುತ್ತಿದ್ದಾರೆಂದು ನಾನು ತಿಳಿದೆ. ಈಗೀಗ ನೆಟ್ ಸುಧಾರಿಸಿದೆ, ಐಮ್ಯಾಪಿನಲ್ಲೂ ಒಂದು ಪ್ರತಿ ಇಲ್ಲಿ ಉಳಿಯುವಂತೆ ಮಾಡಬಹುದು ಎಂದೆ.

"ಅದಿ ಕಾದು ನಾಯನಾ," ಎಂದರು ಅಕ್ಕ, ಅದಲ್ಲಪ್ಪಾ ಎಂದು ತೆಲುಗಿನಲ್ಲಿ. "ಎಲ್ಲಾ ಸರ್ವರ್‌ನಾಗೆ ಇರ್ತಾವೆ ಅಂತೀಯ. ಅಂಗಾದ್ರೆ ಅವ್ನ ನೀನೂ ಓದ್ಬೋದು ಕದಾ?"

ಹಲವು ವರ್ಷ ಮೇಲ್ ಸರ್ವರ್ ನಡೆಸಿದ ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರ ಮೇಲನ್ನೂ ನಾನು ತೆರೆದು ನೋಡಿದವನಲ್ಲ. ಆದರೆ ನೋಡಬೇಕೆಂದರೆ ತಡೆಯುವವರು ಯಾರೂ ಇರಲಿಲ್ಲ. ಹೌದಕ್ಕಾ, ಓದಬಹುದು, ಓದುವುದಿಲ್ಲ ಅಷ್ಟೆ ಎಂದೆ. ಈಗಲೂ ಅಕ್ಕ ಇಳಿಸಿಕೊಳ್ಳುವವರೆಗೆ ಅದು ಸರ್ವರಿನಲ್ಲೇ ಇರುತ್ತದೆ ಎಂಬುದನ್ನೂ ಹೇಳಿದೆ.

ಆಕೆ ತಲೆಯಾಡಿಸಿದರು. ಆಮೇಲೆ ಅಲ್ಲೇ ಹತ್ತಿರದ ರಾಯಚರ್ಲಿನ ಒಬ್ಬ ಹೆಂಗಸಿನ ವಿಷಯ ಹೇಳಿದರು. ಗಂಡ ಸತ್ತು ಬಹಳ ಕಾಲವಾಗಿದೆ, ಮಗಳ ಮದುವೆಯಾಗಿದೆ. ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಕೂಲಿ ಕೆಲಸ. ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದಲ್ಲ, ಅದನ್ನು ಅಕ್ಕನೇ ಕಲಿಸಿಕೊಟ್ಟಿದ್ದರು. ಆಕೆ ಕೆಲಸದ ನಡುವೆ ಫಲಕಗಳ ನೆರಳಿನಲ್ಲಿ ಕೂತು, ತೆಲುಗು ಕನ್ನಡ ಬೆರೆಸಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿ ಕಳಿಸಿ, ಮೊಬೈಲಿನಲ್ಲಿದ್ದ ಪ್ರತಿಯನ್ನು ಅಳಿಸಿದ್ದಳಂತೆ. ಅಕ್ಕನಲ್ಲದೆ ಇನ್ನೊಬ್ಬರು ಓದುವುದಿಲ್ಲ ಎಂಬ ಮಾತಿನ ಮೇಲೆ. ಆ ಮಾತು ನಿಲ್ಲಲೆಂದು, ಅವಳು ಬರೆಯುವ ಹೊತ್ತಿಗೆ ಅಕ್ಕ ಗಳಿಗೆಗೊಮ್ಮೆ ಮೇಲ್ ತೆಗೆದು, ಉಳಿದಿಬ್ಬರಿಗಿಂತ ಮೊದಲೇ ಇಳಿಸಿಕೊಳ್ಳುತ್ತಿದ್ದರು. ಅವಳ ಗಂಡನ ತಂಗಿಯನ್ನು ಶಿರಾ ತಾಲ್ಲೂಕಿನ ತಾವರೆಕೆರೆಗೆ ಕೊಟ್ಟಿದೆ. ಆ ನಾದಿನಿ ರವಿಕೆ ಹೊಲಿಸುವುದು ಇದೇ ಆಪಾ ಅಂಗಡಿಯಲ್ಲಿ.

ಕೌಂಟರಿನ ಮೇಲೆ ಗಿರಾಕಿಗಳ ಕಡೆಗೇ ತಿರುಗಿದ್ದ ಆ ತೆರೆ ನನ್ನ ಕಣ್ಣ ಮುಂದೆ ಬಂತು. ಸೆಟ್ಟಿಂಗ್ ಮುಟ್ಟದೆ, ಊಟ ಮಾಡಿಕೊಂಡು ವಾಪಸ್ ಬಂದೆ.

ಭಾನುವಾರ ಎಲ್ಲರೂ ಮೇಡಂ ಮನೆಯಲ್ಲಿ ಸೇರಿದೆವು. ಆಪಾ ಡಬ್ಬಿಯಲ್ಲಿ ಸೇಮಿಗೆ ಪಾಯಸ ತಂದಿದ್ದರು. ಆದರೆ ಅಕ್ಕ ಒಪ್ಪದ ವಿಷಯ ಕೇಳುತ್ತಲೇ ಅವರ ಮುಖ ಸಣ್ಣದಾಯಿತು. ತಮ್ಮ ಬಾಯಿಂದ ಇದುವರೆಗೆ ಒಂದು ಮಾತಾದರೂ ಆಚೆ ಹೋಗಿದೆಯೇ ಎಂದು ಕೇಳಿದರು. ಕಾಗದ ಕಳೆದುಹೋಗಿ ಕೊರಟಗೆರೆಯವರು ಪಟ್ಟ ಬೇಸರ ಸಾಲದೇ ಎಂದೂ ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

"ನನ್ನ ಮೇಲೆ ಭರವಸೆ ಇಲ್ವಾ ನಿಮ್ಗೆ?" ಎಂದು ಕೊನೆಗೆ ಅಕ್ಕನನ್ನೇ ಕೇಳಿದರು.

"ನಿನ್ ಮ್ಯಾಲೆ ಐತಮ್ಮಾ," ಎಂದರು ಅಕ್ಕ. "ನಾನು ಅವ್ಳಿಗೆ ಮಾತು ಕೊಟ್ಟಿವ್ನಿ. ನಿನ್ಗೆ ಯಾರಾನಾ ಅಂಗೆ ಯೋಳಿದ್ರೆ ನೀನು ನಂಗೆ ತೋರುಸ್ತಿದ್ದಾ?"

ಆಪಾ ಡಬ್ಬಿಯ ಮುಚ್ಚಳ ತೆಗೆದರು. ಆಮೇಲೆ, ಇಲ್ಲ ಎಂದರು. ಪಾಯಸವನ್ನು ಲೋಟಗಳಿಗೆ ಬಗ್ಗಿಸಿ ಮೊದಲನೆಯದನ್ನು ಅಕ್ಕನ ಮುಂದಿಟ್ಟರು.

ಮೇಡಂ ನನ್ನ ಕಡೆ ತಿರುಗಿ, ಎರಡೂ ಒಟ್ಟಿಗೆ ಇರುವುದಕ್ಕಾಗುವುದಿಲ್ಲವೇ ಎಂದು ಕೇಳಿದರು. ಆಗುತ್ತದೆ. ಒಂದೇ ಸರ್ವರಿನಲ್ಲಿ ಒಂದು ವಿಳಾಸಕ್ಕೆ ಐಮ್ಯಾಪ್, ಇನ್ನೊಂದಕ್ಕೆ ಪಾಪ್ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎಲ್ಲರಿಗೂ ಹೊಂದುವ ಒಂದೇ ಉತ್ತರ ಹುಡುಕುತ್ತಾ ನಾನು ಇಷ್ಟು ಸುಲಭದ್ದನ್ನು ನೋಡಿರಲಿಲ್ಲ. ಹಳೆಯ ವಿಳಾಸ ಮೂವರಿಗೂ ಸೇರಿದ್ದು, ಅದು ಐಮ್ಯಾಪ್. ಪಾವಗಡದ ಅಕ್ಕನ ಹೆಸರಿನಲ್ಲಿ ಬೇರೊಂದು ವಿಳಾಸ, ಅದು ಪಾಪ್. ಇಳಿದ ಮೇಲೆ ಸರ್ವರಿನಲ್ಲಿ ಉಳಿಯುವುದಿಲ್ಲ. ಅದರ ಬ್ಯಾಕಪ್ಪನ್ನೂ ನಾನು ತೆಗೆಯಬಾರದು ಎಂದು ಮಾತಾಯಿತು. ಕಂಪ್ಯೂಟರ್ ಹೋದರೆ ಎಲ್ಲವೂ ಹೋಗುತ್ತದೆ ಎಂದು ಅಕ್ಕನಿಗೆ ಒತ್ತಿ ಹೇಳಿದೆ. ಗೊತ್ತು ಎಂದರು.

ಆಪಾ ಅದೇ ವಾರ ಬಡಗಿಯನ್ನು ಕರೆಸಿ ಮೇಜು ಮಾಡಿಸಿ, ಕಂಪ್ಯೂಟರನ್ನು ಅಂಗಡಿಯ ಒಳಕೋಣೆಗೆ ಸಾಗಿಸಿದರು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ಕೊರಟಗೆರೆಯವರು ತಮ್ಮ ಕಾಗದವನ್ನು ಇನ್ನೊಮ್ಮೆ ಬರೆದು ಕಳಿಸಿದರು. ಈ ಸಲ ಮೂವರೂ ಓದಿದರು. ಅವರೊಪ್ಪಿದ ಮೇಲೆ ಮೇಡಂ ಅದರ ಒಂದು ಭಾಗವನ್ನು ನನಗೂ ಓದಿ ಹೇಳಿದ್ದರು. ನಾನು ಮಾತು ಕಡಿಮೆ, ಬರುವವರು ಹೆಚ್ಚು ಮಾತಾಡಿದರೂ ಸರಿ, ಆಡದಿದ್ದರೂ ಸರಿ, ಅಡುಗೆ ನನಗೆ ಬರುತ್ತದೆ, ರಾಗಿಮುದ್ದೆ ಗಂಟಿಲ್ಲದಂತೆ ತಿರುವುತ್ತೇನೆ ಎಂದು ಬರೆದಿದ್ದರು. ಅದನ್ನು ಓದಿದ ಪಾವಗಡದ ಅಕ್ಕನಿಗೆ ರಾಯಚರ್ಲಿನ ಹೆಂಗಸು ನೆನಪಾದಳು. ಆದರೆ ಅವಳ ಕಾಗದವನ್ನು ಆಕೆ ಯಾರಿಗೂ ಕಳಿಸಲಿಲ್ಲ. ಅವಳು ಸಾಮಾನಿಗೆಂದು ಪಾವಗಡಕ್ಕೆ ಬಂದಾಗ ಅಂಗಡಿಯಲ್ಲಿ ಕೂರಿಸಿಕೊಂಡು ಹೀಗೊಬ್ಬರಿದ್ದಾರೆ ಎಂದರು. ಒಂದು ತಿಂಗಳಾದ ಮೇಲೆ ಅವಳು, ನೋಡಬಹುದು ಎಂದಳು.

ಇಬ್ಬರೂ ಭೇಟಿಯಾದದ್ದು ಮೇಡಂ ಮನೆಯಲ್ಲೇ. ಅವತ್ತು ಮೇಡಂ ಕಂಪ್ಯೂಟರಿನ ಯುಪಿಎಸ್ ಬದಲಾಯಿಸುವುದಕ್ಕೆ ನಾನು ಹೋಗಿದ್ದೆ. ಎದ್ದು ಹೊರಟರೆ ಮೇಡಂ ಕೂರು ಎಂದರು. ಮನೆತುಂಬ ಹೆಂಗಸರೇ, ಅವರೊಬ್ಬರೇ ಗಂಡಸು, ಜೊತೆಗಿರು ಎಂದರು. ರಾಯಚರ್ಲಿನ ಹೆಂಗಸು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬಿಸಿಲಿಗೆ ಕಂದಿದ ಮುಖ, ಕೈ ಮಾತ್ರ ನೀರಿನಲ್ಲಿ ಕೆಲಸ ಮಾಡಿ ಬಿಳಿಚಿತ್ತು. ಬಹಳ ಹೊತ್ತು ಮಳೆ, ಬಸ್ಸು, ರೇಷನ್ನಿನ ಮಾತಾಯಿತು. ಆಮೇಲೆ ಅವಳೇ ಕೇಳಿದಳು.

"ನಿಮ್ ಕಾಗ್ದಾನ ಇವ್ರೆಲ್ಲಾ ಓದವ್ರಂತೆ. ನಿಮ್ಗೇನೂ ಬೇಜಾರಿಲ್ವಾ?"

ಕೊರಟಗೆರೆಯವರು ಕೈಯಲ್ಲಿದ್ದ ಚೀಲವನ್ನು ಪಕ್ಕಕ್ಕಿಟ್ಟರು.

"ಓದ್ಲಿ ಬುಡಿ," ಎಂದರು. "ಮೊದ್ಲು ಯಾರೂ ಓದ್ದೇ ಇದ್ರಲ್ಲಾ, ಆಗ ಬೇಜಾರಾಗಿತ್ತು."

ಅವಳು ನಕ್ಕಳು. ಅಕ್ಕನೂ ನಕ್ಕರು. ನಾನು ಯುಪಿಎಸ್ಸಿನ ವೈರು ಸುತ್ತುತ್ತಾ ಅವರಿಬ್ಬರನ್ನೂ ನೋಡಿದೆ. ಒಬ್ಬರಿಗೆ ನಾಲ್ಕು ಜನ ಓದಿದರೆ ಸಮಾಧಾನ, ಇನ್ನೊಬ್ಬರಿಗೆ ಒಬ್ಬರೇ ಓದಿದರೆ ಸಮಾಧಾನ. ಇಬ್ಬರೂ ಕೇಳಿದ್ದು ನ್ಯಾಯವಾಗಿಯೇ ಇತ್ತು ಅನ್ನಿಸಿತು.

ಅವರಿಬ್ಬರ ಮದುವೆಯ ಮಾತು ಗಟ್ಟಿಯಾಗುತ್ತಿದ್ದ ಹೊತ್ತಿಗೆ ಮುಂಗಾರು ಶುರುವಾಯಿತು. ಒಂದು ಸಂಜೆ ಪಾವಗಡದಲ್ಲಿ ಸಿಡಿಲು ಬಿದ್ದು ಆ ಬೀದಿಯ ಹಲವು ಟಿವಿ, ಫ್ರಿಜ್ಜುಗಳ ಜೊತೆ ಅಕ್ಕನ ಕಂಪ್ಯೂಟರೂ ಸುಟ್ಟುಹೋಯಿತು. ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಹಾರ್ಡ್ ಡಿಸ್ಕ್ ಬಿಚ್ಚಿ ನನಗೆ ಗೊತ್ತಿರುವುದನ್ನೆಲ್ಲ ಮಾಡಿದೆ. ತುಮಕೂರಿನಲ್ಲಿ ಇದೇ ಕೆಲಸ ಮಾಡುವ ಸ್ನೇಹಿತನಿಗೂ ಕೊಟ್ಟು ನೋಡಿದೆ. ಏನೂ ಬರಲಿಲ್ಲ. ಬ್ಯಾಕಪ್ ತೆಗೆದಿರಲಿಲ್ಲ, ಮಾತಿಗೆ ತಪ್ಪಿರಲಿಲ್ಲ. ಆದರೂ ತಪ್ಪು ನನ್ನದೇ ಎಂಬಂತೆ ಆಕೆಗೆ ಫೋನ್ ಮಾಡಿ ಹೇಳಿದೆ.

ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬರೆದವರಲ್ಲಿ ತನಗೆ ಗೊತ್ತಿದ್ದವರ ಹತ್ತಿರ ಹೋಗಿ, ಕಾಗದ ಹೋಯಿತು, ಬೇಕಾದರೆ ಮತ್ತೆ ಬರೆಯಿರಿ ಎಂದು ಹೇಳಿಬಂದರು. ಹಲವರು ಬರೆದರು. ಒಬ್ಬಳು ಮಾತ್ರ ಸಿಗಲಿಲ್ಲ. ಆಂಧ್ರದ ಗಡಿಯಾಚೆಯ ಯಾವುದೋ ಹಳ್ಳಿಯಿಂದ ಬರೆದವಳು. ಅವಳ ವಿಳಾಸ ಆ ಕಾಗದದಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ತನಗೆ ಉತ್ತರ ಬರಲಿಲ್ಲವೆಂದು ಅವಳು ಏನಂದುಕೊಂಡಳೋ ಎಂದು ಅಕ್ಕ ಈಗಲೂ ಆಗಾಗ ಹೇಳುತ್ತಾರೆ.

ರಾಯಚರ್ಲಿನ ಹೆಂಗಸಿಗೆ ಮಾತ್ರ ಸುದ್ದಿ ಕೇಳಿ ಹಗುರವಾಯಿತಂತೆ. ಅದನ್ನು ಅವಳೇ ಹೇಳಿದಳು, ಮದುವೆಯ ನೋಂದಣಿಗೆಂದು ಕೊರಟಗೆರೆಯಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಎಲ್ಲರೂ ಕಾಯುತ್ತಿದ್ದಾಗ.

"ಅದ್ರಾಗೆ ನನ್ ಮೊದ್ಲಿನ್ ಸಂಸಾರದ್ದೆಲ್ಲಾ ಯೋಳ್ಕಂಡಿದ್ದೆ," ಎಂದಳು. "ಅಕ್ಕ ಓದ್ಕಂಡ್ಳು, ಸಾಕು. ಈಗ ಎಲ್ಲೂ ಇಲ್ಲ ಅಂದ್ರೆ ನಿದ್ದೆ ಬತ್ತದೆ."

ನಾದಿನಿಯೂ ಅವತ್ತು ತಾವರೆಕೆರೆಯಿಂದ ಬಂದಿದ್ದಳು. ಮದುವೆಗೆ ವಾರದ ಮುಂಚೆ ಇವಳೇ ಹೋಗಿ ಹೇಳಿ ಕರೆದಿದ್ದಳಂತೆ. ಸಾಕ್ಷಿಗೆ ಸಹಿ ಬೇಕೆಂದಾಗ ಎದ್ದುಬಂದು ಹಾಕಿದಳು. ಅವಳು ತೊಟ್ಟಿದ್ದ ಹೊಸ ರವಿಕೆಯ ತೋಳನ್ನು ಆಪಾ ಹಿಂದಿನಿಂದ ಬಗ್ಗಿ ನೋಡಿ, ಸರಿಯಾಗಿ ಕೂತಿದೆ ಎಂದು ತಮ್ಮಷ್ಟಕ್ಕೆ ತಲೆಯಾಡಿಸಿದರು.

ಅಕ್ಕನಿಗೆ ಬೇರೆ ಕಂಪ್ಯೂಟರ್ ಜೋಡಿಸಿಕೊಟ್ಟೆ. ಈಗಲಾದರೂ ಐಮ್ಯಾಪ್ ಮಾಡೋಣವೇ ಎಂದು ಕೇಳಿದೆ. ಬೇಡ ಎಂದರು. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿಕೊಳ್ಳುವುದನ್ನು ಕಲಿಸಿದೆ. ಅದನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಓಡಾಡುತ್ತಾರೆ. ಬೇರೆ ಗಿರಾಕಿಗಳು ಮೇಲ್ ಮಾಡಿಸಿಕೊಳ್ಳಲು ಬಂದಾಗ ನಾನು ಮೊದಲಿನಂತೆ ನೆಟ್ ಹೇಗಿದೆ, ಫೋಟೋ ಎಷ್ಟು ಬರುತ್ತದೆ ಎಂದು ಕೇಳುತ್ತೇನೆ. ಈ ಮೇಲನ್ನು ಯಾರ್ಯಾರು ಓದಬೇಕು ಎಂದೂ ಕೇಳುತ್ತೇನೆ. ಕೆಲವರು ಇದೇನು ಪ್ರಶ್ನೆ ಎಂದು ನೋಡುತ್ತಾರೆ. ಕೆಲವರು ಸ್ವಲ್ಪ ತಡೆದು ಉತ್ತರ ಕೊಡುತ್ತಾರೆ.

ಹೋದ ತಿಂಗಳು ಕೊರಟಗೆರೆಯ ಒಂದು ಶಾಲೆಗೆ ಪ್ರಿಂಟರ್ ಕೂರಿಸಲು ಹೋಗಿದ್ದವನು ಆ ಹೊಸ ದಂಪತಿಗಳ ಮನೆಗೂ ಹೋದೆ. ಯಾರೋ ಕಾಲು ಊದಿದ ಕರುವನ್ನು ಹಿಡಿದು ತಂದಿದ್ದರು. ಆಸ್ಪತ್ರೆಗೆ ಕರೆದೊಯ್ಯಿರಿ, ನಾನು ರಿಟೈರಾಗಿದ್ದೇನೆ ಎಂದು ಇವರು ಹೇಳುತ್ತಿದ್ದರು, ಹೇಳುತ್ತಲೇ ಬಗ್ಗಿ ಕಾಲು ಮುಟ್ಟಿ ನೋಡುತ್ತಿದ್ದರು. ಕರುವಿನ ತಲೆಯನ್ನು ಆಕೆ ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು, ತೆಲುಗಿನಲ್ಲಿ ಅದಕ್ಕೇನೋ ಸಮಾಧಾನ ಹೇಳುತ್ತಿದ್ದಳು. ನನ್ನನ್ನು ಕಂಡು, ಊಟ ಮಾಡಿಯೇ ಹೋಗಬೇಕು, ಒಳಗೆ ಕೂತುಕೊಳ್ಳಿ ಎಂದಳು. ಗಡಿಬಿಡಿಯಿಲ್ಲ ಎಂದು ಹೇಳಿ ನಾನು ಜಗಲಿಯ ಮೇಲೆ ಕೂತೆ.